ಜೇನುತುಪ್ಪ ಒಯ್ಯಬಹುದು, ತುಪ್ಪ ಒಯ್ಯುವ ಹಾಗಿಲ್ಲ

ಜರ್ಮನಿಯಿಂದ ವಾಪಸ್ ಬಂದು ಎರಡು ವಾರ ಆಯಿತು. ಅಷ್ಟರಲ್ಲಿ ನಾಲ್ಕು ಜನ ಫೋನ್ ಮಾಡಿದ್ದಾರೆ. ನಾಲ್ಕೂ ಮನೆಯಲ್ಲಿ ಮಗಳೋ ಸೊಸೆಯೋ ಹೊರದೇಶದಲ್ಲಿ ಬಸುರಿ. ಎಲ್ಲರದೂ ಒಂದೇ ಪ್ರಶ್ನೆ: "ಅಕ್ಕಾ, ಏನೇನು ತಗೊಂಡು ಹೋಗಬೇಕು?"

ಹೊರಡುವ ಮೊದಲು ನಾನೂ ಸಿಕ್ಕವರನ್ನೆಲ್ಲ ಅದನ್ನೇ ಕೇಳಿದ್ದೆ. ಈಗ ನನ್ನನ್ನು ಯಾರಾದರೂ ಕೇಳಿದರೆ, "ಅದಿರಲಿ, ನಿಮ್ಮ ಆಧಾರ್‌ನಲ್ಲಿ ಹೆಸರು ಹೇಗಿದೆ?" ಅಂತ ತಿರುಗಿ ಕೇಳುತ್ತೇನೆ. ಅವರಿಗೆ ಸ್ವಲ್ಪ ಬೇಜಾರಾಗುತ್ತದೆ. ಪಾಪ, ಉಪ್ಪಿನಕಾಯಿ ಬಗ್ಗೆ ಮಾತಾಡೋಣ ಅಂತ ಫೋನ್ ಮಾಡಿದವರು. ಅದಕ್ಕೇ ಎಲ್ಲವನ್ನೂ ಒಂದು ಕಡೆ ಬರೆದಿಡುತ್ತಿದ್ದೇನೆ. ಉಪ್ಪಿನಕಾಯಿಯೂ ಬರುತ್ತದೆ, ಆದರೆ ಆಮೇಲೆ.

ನಾನು ಸಾಗರ ತಾಲ್ಲೂಕಿನ ಹಳ್ಳಿಯವಳು. ವಯಸ್ಸು 61. ಊರಿನ ಸಹಕಾರಿ ಸೊಸೈಟಿಯಲ್ಲಿ 26 ವರ್ಷ ಕ್ಯಾಷಿಯರ್ ಆಗಿದ್ದೆ. ಅದಕ್ಕಿಂತ ಜಾಸ್ತಿ ವರ್ಷ ಮನೆಯಲ್ಲಿ ಅಡಿಕೆ ಸುಲಿದಿದ್ದೇನೆ. ದೂರದ ಪ್ರಯಾಣ ಅಂದರೆ ಒಂದು ಸಲ ಕಾಶಿ, ಅದೂ ರೈಲಿನಲ್ಲಿ, ಊರಿನ 18 ಜನರ ಜೊತೆ. ವಿಮಾನ ಹತ್ತಿದವಳೇ ಅಲ್ಲ.

ಮಗಳು, ಅಳಿಯ ಇರುವುದು ಎರ್ಲಾಂಗೆನ್‌ನಲ್ಲಿ. ನ್ಯೂರೆಂಬರ್ಗ್ ಪಕ್ಕದ ಊರು. 2024ರ ನವೆಂಬರ್ ಕೊನೆಗೆ ಹೆರಿಗೆ ಅಂತ ಡಾಕ್ಟರು ಹೇಳಿದ್ದರು. ನವೆಂಬರ್ ಅಂದರೆ ನಮ್ಮಲ್ಲಿ ಕೊಯ್ಲು. ಮರ ಹತ್ತಿ ಅಡಿಕೆ ಕೊನೆ ಇಳಿಸುವ ಕೊನೆಗೌಡ ಬರುತ್ತೇನೆ ಅಂದ ದಿನ ಮನೆಯಲ್ಲಿ ಇರದಿದ್ದರೆ ಅವನು ಮತ್ತೆ ಸಿಗುವುದು ಯಾವಾಗಲೋ. ಹಾಗಾಗಿ ನಮ್ಮನೆಯವರು ಬರುವ ಹಾಗಿರಲಿಲ್ಲ. ನಾನು ಒಬ್ಬಳೇ.

ಮೊದಲ ಗೋಳು ಹೆಸರಿನದು. ಎಸ್ಎಸ್ಎಲ್‌ಸಿ ಅಂಕಪಟ್ಟಿಯಲ್ಲಿ ನನ್ನ ಹೆಸರಿನ ಹಿಂದೆ ಅಪ್ಪನ ಹೆಸರಿನ ಒಂದಕ್ಷರ. ಆಧಾರ್‌ನಲ್ಲಿ ಹೆಸರಿನ ಮುಂದೆ ಗಂಡನ ಹೆಸರು. ಪ್ಯಾನ್‌ನಲ್ಲಿ ಬರೀ ನನ್ನ ಹೆಸರು, ಅದರಲ್ಲೂ ಇಂಗ್ಲಿಷಿನಲ್ಲಿ ಒಂದು ಕಡೆ 'ವಿ' ಇರಬೇಕಾದಲ್ಲಿ 'ಡಬಲ್ಯು'. ಇಷ್ಟು ವರ್ಷ ಯಾರೂ ಕೇಳಿರಲಿಲ್ಲ. ಸೊಸೈಟಿಯಲ್ಲಿ ಕೂತು ಬೇರೆಯವರ ಪಾಸ್‌ಬುಕ್ಕಿನಲ್ಲಿ ಇನಿಷಿಯಲ್ ತಪ್ಪಿದೆ ಅಂತ ವಾಪಸ್ ಕಳಿಸುತ್ತಿದ್ದವಳು ನಾನೇ. ನನ್ನ ಹೆಸರೇ ಮೂರು ಥರ ಇದೆ ಅಂತ ಗೊತ್ತಾದದ್ದು ಆಗ.

ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ನಡೆಯುವುದಿಲ್ಲ. ಒಂದಕ್ಷರ ಇದ್ದರೆ ಅದನ್ನು ಬಿಡಿಸಿ ಪೂರ್ತಿ ಬರೆಯಬೇಕು. ಸರ್‌ನೇಮ್ ಅನ್ನುವ ಜಾಗ ಖಾಲಿ ಬಿಡಬಹುದು ಅಂತ ಕೆಲವರು ಹೇಳುತ್ತಾರೆ. ಬಿಡಬೇಡಿ. ಒಂದೇ ಹೆಸರಿನ ಪಾಸ್‌ಪೋರ್ಟ್ ಇದ್ದವರನ್ನು ವಿಸಿಟ್ ವೀಸಾದಲ್ಲಿ ಒಳಗೆ ಬಿಡಲು ದುಬೈ ಕಡೆಯವರು 2022ರ ನವೆಂಬರ್‌ನಿಂದ ತಕರಾರು ಮಾಡುತ್ತಾರೆ. ಇವತ್ತು ನಿಮಗೆ ಅಲ್ಲಿ ಕೆಲಸ ಇಲ್ಲದಿರಬಹುದು. ಆದರೆ ಪಾಸ್‌ಪೋರ್ಟ್ ಹತ್ತು ವರ್ಷಕ್ಕೆ ಕೊಡುವುದು, ಅಲ್ವಾ?

ಹಾಗಾದರೆ ಮೂರರಲ್ಲಿ ಯಾವ ಹೆಸರನ್ನು ಸರಿ ಅಂತ ಇಟ್ಟುಕೊಳ್ಳಬೇಕು? ಇದಕ್ಕೆ ಉತ್ತರ ಸಿಕ್ಕಿದ್ದು ಮಗಳ ಪಾಸ್‌ಪೋರ್ಟಿನ ಕೊನೆಯ ಪುಟದಲ್ಲಿ. ಅಲ್ಲಿ ತಂದೆ ತಾಯಿಯ ಹೆಸರು ಇರುತ್ತದೆ. ನಾನು ಇವಳ ತಾಯಿ ಅಂತ ವೀಸಾದವರಿಗೆ ತೋರಿಸಬೇಕಾದ ಕಾಗದವೇ ಅದು. ಅದರಲ್ಲಿ ನನ್ನ ಹೆಸರು ಹೇಗಿದೆಯೋ ಹಾಗೇ ಆಧಾರ್ ತಿದ್ದಿಸಿದೆ, ಪ್ಯಾನ್ ತಿದ್ದಿಸಿದೆ, ಆಮೇಲೇ ಪಾಸ್‌ಪೋರ್ಟಿಗೆ ಅರ್ಜಿ. ಆಧಾರ್‌ನಲ್ಲಿ ಹೆಸರು ಬದಲಾಯಿಸಲು ಜೀವಮಾನದಲ್ಲಿ ಎರಡೇ ಅವಕಾಶ. ಸೈಬರ್ ಸೆಂಟರ್ ಹುಡುಗನ ಕೈಗೆ ಕೊಟ್ಟು ಚಹಾ ಕುಡಿಯಲು ಹೋಗಬೇಡಿ. ಅವನು ಟೈಪ್ ಮಾಡುವಾಗ ಪಕ್ಕದಲ್ಲೇ ನಿಂತು ಒಂದೊಂದೇ ಅಕ್ಷರ ಓದಿ.

ಅದು ಮುಗಿದ ಮೇಲೆ ಪಾಸ್‌ಪೋರ್ಟ್ ಸಲೀಸಾಗಿ ಆಯಿತು. ಶಿವಮೊಗ್ಗದ ಅಂಚೆ ಕಚೇರಿಯಲ್ಲೇ ಕೇಂದ್ರ ಇದೆ, ಬೆಂಗಳೂರಿಗೆ ಹೋಗಬೇಕಾಗಿಲ್ಲ. 36 ಪುಟದ್ದಕ್ಕೆ 1500 ರೂಪಾಯಿ. 60 ದಾಟಿದವರಿಗೆ ಹೊಸ ಪಾಸ್‌ಪೋರ್ಟಿಗೆ ಶೇಕಡಾ 10 ರಿಯಾಯಿತಿ, ನಾನು ಕಟ್ಟಿದ್ದು 1350. ಎಸ್ಎಸ್ಎಲ್‌ಸಿ ಅಂಕಪಟ್ಟಿ ಮರೆಯದೆ ಒಯ್ಯಿರಿ. ಪೊಲೀಸ್ ವಿಚಾರಣೆ ಜುಲೈ ಮಳೆಯಲ್ಲಿ ಆಯಿತು. ಠಾಣೆಗೆ ಹೋಗಿ ಕೊಡೆ ಮಡಚಿ ಒಳಗೆ ಕೂತಾಗ ನನ್ನ ಸೀರೆಯಿಂದ ನೀರು ಇಳಿಯುತ್ತಿತ್ತು. "ಅಮ್ಮ, ಈ ಮಳೆಯಲ್ಲಿ ಯಾವ ದೇಶ?" ಅಂತ ಕೇಳಿದರು. ಅಷ್ಟೇ.

ಇನ್ನು ದಿನದ ಲೆಕ್ಕ. ಇದರಲ್ಲಿ ನನ್ನ ಕ್ಯಾಷಿಯರ್ ಬುದ್ಧಿ ಉಪಯೋಗಕ್ಕೆ ಬಂತು ಅಂತ ಸ್ವಲ್ಪ ಜಂಬವೂ ಇದೆ.

ಜರ್ಮನಿಗೆ ನಮಗೆ ಕೊಡುವುದು ಷೆಂಗೆನ್ ವೀಸಾ, ಅಂದರೆ ಯುರೋಪಿನ ಸುಮಾರು ದೇಶಗಳಿಗೆ ಸೇರಿ ಒಂದೇ ವೀಸಾ. ಅದರಲ್ಲಿ 180 ದಿನಗಳ ಒಳಗೆ 90 ದಿನ ಇರಬಹುದು. ಎಲ್ಲರೂ ಇದನ್ನು "ಮೂರು ತಿಂಗಳು" ಅನ್ನುತ್ತಾರೆ. ಮೂರು ತಿಂಗಳು ಬೇರೆ, 90 ದಿನ ಬೇರೆ. ಮಗಳು ನನಗೆ ನೋಡಿಟ್ಟ ಟಿಕೆಟ್ ನವೆಂಬರ್ 5ಕ್ಕೆ ಇಳಿಯುವುದು, ಫೆಬ್ರವರಿ 4ಕ್ಕೆ ಹೊರಡುವುದು. ಮೂರು ತಿಂಗಳಿಗೆ ಒಂದು ದಿನ ಕಮ್ಮಿಯೇ ಇದೆ, ಸರಿಯಾಗಿದೆ ಅಂದಳು. ನಾನು ಅಡಿಕೆ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದೆ. ನವೆಂಬರ್ 26 ದಿನ. ಡಿಸೆಂಬರ್ 31. ಜನವರಿ 31. ಒಟ್ಟು 88. ಫೆಬ್ರವರಿ 2ಕ್ಕೆ 90 ಮುಗಿಯಿತು. ಇಳಿದ ದಿನವೂ ಲೆಕ್ಕ, ಹೊರಟ ದಿನವೂ ಲೆಕ್ಕ. ಅವಳದು 92 ದಿನ! ಪುಣ್ಯಕ್ಕೆ ಟಿಕೆಟ್ ಇನ್ನೂ ತೆಗೆದಿರಲಿಲ್ಲ. ಜನವರಿ 30ಕ್ಕೆ ಮಾಡಿಸಿದೆವು, 87 ದಿನ. ವಿಮಾನ ರದ್ದಾಗಿ ಎರಡು ದಿನ ತಡವಾದರೂ ಪರವಾಗಿಲ್ಲ ಅನ್ನುವಷ್ಟು ಬಿಡುವು ಇರಲಿ ಅಂತ.

ವೀಸಾ ಚೀಟಿ ಬಂದಾಗ ಇನ್ನೊಂದು ಮೋಸ ಇದೆ, ಎಚ್ಚರ. ಅದರಲ್ಲಿ ಎರಡು ತಾರೀಕು ಇರುತ್ತವೆ, ಇಲ್ಲಿಂದ ಇಲ್ಲಿಯವರೆಗೆ ಅಂತ. ಪಕ್ಕದಲ್ಲಿ ಎಷ್ಟು ದಿನ ಅಂತ ಒಂದು ಸಂಖ್ಯೆ ಇರುತ್ತದೆ. ಕೊನೆಯ ತಾರೀಕನ್ನು ಸಾಮಾನ್ಯವಾಗಿ 15 ದಿನ ಮುಂದಕ್ಕೆ ಕೊಟ್ಟಿರುತ್ತಾರೆ. ನಿಮ್ಮ ಪ್ರಯಾಣ ಆಚೀಚೆ ಆದರೆ ಇರಲಿ ಅಂತ. ಅದನ್ನು ನೋಡಿ ಅಲ್ಲಿಯವರೆಗೂ ಇರಬಹುದು ಅಂದುಕೊಂಡರೆ ಕೆಟ್ಟಿರಿ. ಇರಬಹುದಾದದ್ದು ಆ ಸಂಖ್ಯೆಯಷ್ಟು ದಿನ ಮಾತ್ರ.

ತಾರೀಕಿನದೇ ಮತ್ತೊಂದು. ನಮ್ಮ ವಿಮಾನ 5ನೇ ತಾರೀಕು ಬೆಳಗಿನ ಜಾವ ಮೂರು ಗಂಟೆ ಹೊತ್ತಿಗೆ. ಇವರು ಗೋಡೆ ಕ್ಯಾಲೆಂಡರಿನಲ್ಲಿ 5ಕ್ಕೆ ಗುಂಡಗೆ ಗುರುತು ಹಾಕಿ, 4ರ ರಾತ್ರಿ ಸಾಗರದಿಂದ ಬಸ್ಸು ಹತ್ತಿಸುವುದು ಅಂತ ಮಾಡಿದ್ದರು. ಪಂಚಾಂಗದಲ್ಲಿ ದಿನ ಶುರುವಾಗುವುದು ಸೂರ್ಯೋದಯಕ್ಕೆ. ವಿಮಾನದವರಿಗೆ ರಾತ್ರಿ ಹನ್ನೆರಡಕ್ಕೆ. 5ರ ಜಾವದ ವಿಮಾನ ಅಂದರೆ 4ರ ರಾತ್ರಿ ಊಟ ಮಾಡಿ ವಿಮಾನ ನಿಲ್ದಾಣದಲ್ಲಿ ಇರಬೇಕು. 4ರ ರಾತ್ರಿ ಬಸ್ಸು ಹತ್ತಿದ್ದರೆ ನಾನು ಮೆಜೆಸ್ಟಿಕ್‌ನಲ್ಲಿ ಇಳಿಯುವ ಹೊತ್ತಿಗೆ ವಿಮಾನ ಸಮುದ್ರದ ಮೇಲೆ ಇರುತ್ತಿತ್ತು.

ವೀಸಾ ಕಾಗದಗಳ ಪೈಕಿ ಮುಖ್ಯವಾದದ್ದು ಅಳಿಯ ಕಳಿಸಿದ ಒಂದು ಪತ್ರ. ಅದರ ಹೆಸರು ಫೆರ್‌ಫ್ಲಿಷ್ಟುಂಗ್ಸ್‌ಎರ್‌ಕ್ಲೇರುಂಗ್. ತಾಳಗುಪ್ಪ ರೈಲಿನಷ್ಟು ಉದ್ದ. ಸೊಸೈಟಿ ಭಾಷೆಯಲ್ಲಿ ಹೇಳಬೇಕೆಂದರೆ ಜಾಮೀನು ಪತ್ರ. ಅವರು ಅಲ್ಲಿಯ ವಿದೇಶಿಯರ ಕಚೇರಿಗೆ ಹೋಗಿ, ಸಂಬಳದ ಚೀಟಿ ತೋರಿಸಿ, 29 ಯೂರೋ ಕಟ್ಟಿ, "ನಮ್ಮ ಅತ್ತೆ ಇಲ್ಲಿರುವಷ್ಟು ದಿನ ಅವರ ಖರ್ಚೆಲ್ಲ ನನ್ನದು" ಅಂತ ಬರೆದುಕೊಟ್ಟಿದ್ದಾರೆ. 26 ವರ್ಷದಲ್ಲಿ ಎಷ್ಟೋ ಜನ ಜಾಮೀನು ಹಾಕುವುದನ್ನು, ಆಮೇಲೆ ಪಶ್ಚಾತ್ತಾಪ ಪಡುವುದನ್ನು ನೋಡಿದವಳು ನಾನು. ನನಗಾಗಿ ಒಬ್ಬರು ಜಾಮೀನು ಹಾಕಿದ್ದು ಅದೇ ಮೊದಲು. ಮೂಲ ಪತ್ರವೇ ಬೇಕು, ಫೋನಿನಲ್ಲಿ ಕಳಿಸಿದ ಫೋಟೋ ಸಾಲದು. ಕೊರಿಯರ್‌ನಲ್ಲಿ ಬರಲು ಸಮಯ ಇಟ್ಟುಕೊಳ್ಳಿ. ಪತ್ರಕ್ಕೆ ಆರು ತಿಂಗಳಷ್ಟೇ ಆಯಸ್ಸು, ಹಾಗಾಗಿ ತೀರಾ ಮೊದಲೇ ಮಾಡಿಸಿಯೂ ಪ್ರಯೋಜನ ಇಲ್ಲ.

ಉಳಿದದ್ದು ಬೇಗ ಹೇಳುತ್ತೇನೆ. ಪ್ರಯಾಣದ ವಿಮೆ ಕನಿಷ್ಠ 30,000 ಯೂರೋ ಮೊತ್ತದ್ದು ಇರಬೇಕು. ಬಿಪಿ, ಶುಗರ್ ಇದ್ದವರು ಸಣ್ಣ ಅಕ್ಷರ ಓದಿ. ಮೊದಲಿನಿಂದ ಇದ್ದ ಕಾಯಿಲೆಗೆ ಹಣ ಕೊಡುವ ಪಾಲಿಸಿ ಕಮ್ಮಿ. ವೀಸಾ ಶುಲ್ಕ 2024ರ ಜೂನ್‌ನಲ್ಲಿ 80 ಯೂರೋದಿಂದ 90ಕ್ಕೆ ಏರಿತು, ಅದರ ಮೇಲೆ ಅರ್ಜಿ ತೆಗೆದುಕೊಳ್ಳುವ ವೀಸಾ ಕೇಂದ್ರದವರ ಸೇವಾ ಶುಲ್ಕ ಬೇರೆ. ಹೊರಡುವ ಆರು ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು. ಊರಿಗೆ ವಾಪಸ್ ಬರುತ್ತೇನೆ ಅನ್ನುವುದಕ್ಕೆ ಏನಾದರೂ ಆಧಾರ ತೋರಿಸಬೇಕು. ನಾನು ತೋಟದ ಪಹಣಿ ಕೊಟ್ಟೆ. ಪಹಣಿ ಕನ್ನಡದಲ್ಲಿ ಇರುತ್ತದೆ, ಅದನ್ನು ಇಂಗ್ಲಿಷಿಗೆ ಮಾಡಿಸಿ ನೋಟರಿ ಹಾಕಿಸಬೇಕು. ಸಾಗುವಳಿಗೆ ಬಾರದ ಜಾಗಕ್ಕೆ ಬರೆಯುವ "ಖರಾಬು" ಅನ್ನುವುದಕ್ಕೆ ಇಂಗ್ಲಿಷಿನಲ್ಲಿ ಏನು ಬರೆಯುವುದು ಅಂತ ಅನುವಾದ ಮಾಡಿದವರು ಅರ್ಧ ಗಂಟೆ ಯೋಚನೆ ಮಾಡಿದರು.

ಈಗ ಬೆರಳಿನ ಕಥೆ.

ವೀಸಾಕ್ಕೆ ಹತ್ತೂ ಬೆರಳಿನ ಗುರುತು ಕೊಡಬೇಕು. ನನಗೆ ಹೆದರಿಕೆ ಇದ್ದದ್ದು ಇದರದೇ. ನಮ್ಮ ಸೊಸೈಟಿಯಲ್ಲೇ ನ್ಯಾಯಬೆಲೆ ಅಂಗಡಿ. ಅಲ್ಲಿ ಹೆಬ್ಬೆಟ್ಟು ಇಡುವ ಯಂತ್ರ ಬಂದಾಗಿನಿಂದ ಅಡಿಕೆ ಸುಲಿಯುವ ಹೆಂಗಸರ ಪಾಡು ನೋಡಿದ್ದೇನೆ. ಹಸಿ ಅಡಿಕೆಯ ಚೊಗರು ಬೆರಳಿಗೆ ಕಪ್ಪಗೆ ಅಂಟಿಕೊಳ್ಳುತ್ತದೆ. ಚರ್ಮ ಗಟ್ಟಿಯಾಗಿ ಸೀಳು ಬಿಡುತ್ತದೆ. ಗೆರೆಗಳೇ ಸವೆದು ಹೋಗಿರುತ್ತವೆ. ಯಂತ್ರ ಕೀಂ ಅನ್ನುತ್ತದೆ, ಅಕ್ಕಿ ಸಿಗುವುದಿಲ್ಲ. ನನ್ನ ಬಲಗೈ ಹೆಬ್ಬೆರಳೂ ಅದೇ ಜಾತಿಗೆ ಸೇರಿದ್ದು. ಅಡಿಕೆ ಸುಲಿಯುವ ಮೆಟ್ಟುಗತ್ತಿ ಮುಂದೆ ಕೂತು ಕೂತು ಒಳಬದಿ ನುಣ್ಣಗಾಗಿದೆ.

ಸೆಪ್ಟೆಂಬರ್‌ನಲ್ಲಿ ಅಪಾಯಿಂಟ್‌ಮೆಂಟ್. ಅದಕ್ಕೆ ಮೂರು ವಾರ ಮೊದಲೇ ಕತ್ತಿ, ಸೋಪಿನ ಪುಡಿ, ಬೂದಿ ಎಲ್ಲ ಮುಟ್ಟುವುದು ಬಿಟ್ಟೆ. ಪಾತ್ರೆ ಇವರು ತೊಳೆದರು. ಈ ವಿಷಯ ಊರಲ್ಲಿ ಹೇಳಬಾರದು ಅಂತ ಮಾತಾಗಿತ್ತು, ಈಗ ಬರೆದುಬಿಟ್ಟೆ. ದಿನಾ ರಾತ್ರಿ ಬೆರಳಿಗೆ ತೆಂಗಿನೆಣ್ಣೆ ತಿಕ್ಕಿ ಮಲಗುತ್ತಿದ್ದೆ. ಹೋಗುವ ದಿನ ಮಾತ್ರ ಎಣ್ಣೆ ಮುಟ್ಟಲಿಲ್ಲ.

ಬೆಂಗಳೂರಿನ ಕೇಂದ್ರದಲ್ಲಿ ಒಂದು ಗಾಜಿನ ಪೆಟ್ಟಿಗೆ. ಒಳಗೆ ಹಸಿರು ಬೆಳಕು. ಮೊದಲು ಬಲಗೈಯ ನಾಲ್ಕು ಬೆರಳು ಒಟ್ಟಿಗೆ, ಆಮೇಲೆ ಎಡಗೈಯ ನಾಲ್ಕು, ಕೊನೆಗೆ ಎರಡೂ ಹೆಬ್ಬೆರಳು. ನಾಲ್ಕು ನಾಲ್ಕು ಸರಿ ಬಂತು. ಹೆಬ್ಬೆರಳಿಗೆ ಬಂದಾಗ ಪರದೆಯ ಮೇಲೆ ಎಡಗೈಯದು ನಾಟಿ ಮಾಡಿದ ಭತ್ತದ ಗದ್ದೆಯ ಹಾಗೆ ಸಾಲು ಸಾಲು ಗೆರೆ. ಬಲಗೈಯದು ಬರೀ ಬಿಳಿ ಮಚ್ಚೆ. ಮತ್ತೆ ಇಟ್ಟೆ. ಮತ್ತೆ ಮಚ್ಚೆ.

"ಆಂಟಿ, ಏನು ಕೆಲಸ ಮಾಡ್ತೀರಾ?" ಅಂದಳು ಕೌಂಟರಿನ ಹುಡುಗಿ.

"ನೋಟು ಎಣಿಸ್ತಿದ್ದೆ. ಈಗ ಅಡಿಕೆ ಸುಲಿತೀನಿ."

"ಓ, ಎರಡೂ!" ಅಂತ ನಕ್ಕಳು. ಒದ್ದೆ ಒರೆಸುವ ಕಾಗದ ಕೊಟ್ಟಳು. ಬೆರಳು ಒರೆಸಿದ ಮೇಲೆ, "ಉಗುರಿನ ಹತ್ತಿರ ಒತ್ತಿ, ಚಪ್ಪಟೆಯಾಗಿ" ಅಂತ ತಾನೇ ನನ್ನ ಹೆಬ್ಬೆರಳ ಮೇಲೆ ಎರಡು ಬೆರಳಿಟ್ಟು ಮೆಲ್ಲಗೆ ಒತ್ತಿ ಹಿಡಿದಳು. ನಾನು ಉಸಿರು ಬಿಡಲಿಲ್ಲ. ಪರದೆಯ ಮೇಲೆ ಗೆರೆ ಬಂತು. ಪೂರ್ತಿ ಅಲ್ಲ, ಅರ್ಧ. ಅರ್ಧ ಸಾಕಾಯಿತು. ಒಂದು ಸಲ ಕೊಟ್ಟ ಗುರುತು 59 ತಿಂಗಳು ನಡೆಯುತ್ತದಂತೆ. 60 ಅಂದರೆ ಏನಾಗುತ್ತಿತ್ತೋ!

ವೀಸಾ ಬಂತು. ಇನ್ನು ಚೀಲ.

ಸುದ್ದಿ ಗೊತ್ತಾದ ಕೂಡಲೇ ಮನೆಗೆ ಸಾಮಾನು ಬರಲು ಶುರು. ಮೇಲಿನ ಮನೆ ಅತ್ತಿಗೆ ಒಂದೂವರೆ ಲೀಟರ್ ತುಪ್ಪ ತಂದರು, ಅವರದೇ ಎಮ್ಮೆಯದು. ಬಾಣಂತಿಗೆ ಅಂತ ಅಕ್ಕರೆಯಿಂದ ಕಾಯಿಸಿದ್ದು, ಹರಳು ಹರಳಾಗಿತ್ತು. ತಂಗಿ ಕೊಬ್ಬರಿ ಮತ್ತು ಗಸಗಸೆ ತಂದಳು. ಇವರ ಸ್ನೇಹಿತರು ತುಡುವೆ ಜೇನು ಎರಡು ಬಾಟಲಿ. ನನ್ನದು ಅಪ್ಪೆಮಿಡಿ ಉಪ್ಪಿನಕಾಯಿ, ತೊಡೆದೇವು, ಸಾರಿನ ಪುಡಿ.

ರಾತ್ರಿ ಮಗಳು ಫೋನಿನಲ್ಲಿ ಒಂದೊಂದೇ ಹೆಸರು ಓದಿಸಿಕೊಂಡಳು. "ಅಮ್ಮ, ತುಪ್ಪ ಬೇಡ."

"ಯಾಕೆ, ಚೆಲ್ಲುತ್ತದಾ? ಗಟ್ಟಿ ಮುಚ್ಚಳ ಇದೆ."

"ಚೆಲ್ಲುವುದಲ್ಲ. ಹಾಲಿನದು ಏನೂ ತರುವ ಹಾಗಿಲ್ಲ. ಯುರೋಪಿನ ಕಾನೂನು. ಮಾಂಸದ್ದೂ ಇಲ್ಲ, ಹಾಲಿನದೂ ಇಲ್ಲ. ಜಾನುವಾರು ರೋಗ ಬರಬಾರದು ಅಂತ."

"ಹಾಗಾದರೆ ಜೇನುತುಪ್ಪ?"

"ಜೇನುತುಪ್ಪ ತರಬಹುದು. ಎರಡು ಕೆಜಿವರೆಗೆ."

ಇವರು ಪಕ್ಕದಲ್ಲಿ ಕೂತು ಕವಳ ಹಾಕುತ್ತಿದ್ದವರು, "ಅಂದರೆ ಹುಳ ಮಾಡಿದ ತುಪ್ಪ ಆಗುತ್ತದೆ, ಎಮ್ಮೆ ಮಾಡಿದ್ದು ಆಗುವುದಿಲ್ಲ" ಅಂದರು. ಕಾನೂನನ್ನು ಇದಕ್ಕಿಂತ ಸುಲಭವಾಗಿ ಹೇಳಲು ನನಗೂ ಬರುವುದಿಲ್ಲ.

ಅತ್ತಿಗೆಗೆ ಹೇಗೆ ಹೇಳುವುದು ಅನ್ನುವುದೇ ವೀಸಾಕ್ಕಿಂತ ದೊಡ್ಡ ಸಮಸ್ಯೆಯಾಯಿತು. ಹೇಳಲಿಲ್ಲ. ಆ ತುಪ್ಪವನ್ನು ನಾವೇ ತಿಂದೆವು. ಅತ್ತಿಗೆ ಇದನ್ನು ಓದುವುದಿಲ್ಲ ಅಂದುಕೊಂಡಿದ್ದೇನೆ. ಅಲ್ಲಿಗೆ ಹೋದ ಮೇಲೆ ಗೊತ್ತಾಯಿತು, ಜರ್ಮನಿಯ ಅಂಗಡಿಯಲ್ಲೇ ಬಟರ್‌ಶ್ಮಾಲ್ಟ್ಸ್ ಅಂತ ಕಾಯಿಸಿದ ಬೆಣ್ಣೆ ಸಿಗುತ್ತದೆ. ತುಪ್ಪದ್ದೇ ತಂಗಿ, ಆದರೆ ವಾಸನೆ ಇಲ್ಲ. ನಾನು ಉಪ್ಪಿಲ್ಲದ ಬೆಣ್ಣೆಯ 250 ಗ್ರಾಮಿನ ಕಟ್ಟು ನಾಲ್ಕು ತರಿಸಿ, ನಾಲ್ಕು ಕಾಳು ಮೆಂತ್ಯ ಹಾಕಿ ಮನೆಯಲ್ಲೇ ಕಾಯಿಸಿದೆ. ಎಮ್ಮೆ ತುಪ್ಪ ಆಗಲಿಲ್ಲ, ಆದರೆ ಮಗಳು ತಟ್ಟೆ ನೆಕ್ಕಿದಳು.

ಕೊಬ್ಬರಿಯೂ ಬಿಟ್ಟೆ. ಎಣ್ಣೆ ಅಂಶ ಜಾಸ್ತಿ, ಬೆಂಕಿ ಹತ್ತುತ್ತದೆ ಅಂತ ವಿಮಾನದಲ್ಲಿ ಬಿಡುವುದಿಲ್ಲ. ಕಾಯಿತುರಿ ಒಣಗಿಸಿದ್ದು ಅಲ್ಲಿಯ ಯಾವ ಅಂಗಡಿಯಲ್ಲೂ ಸಿಗುತ್ತದೆ. ಉಂಡೆ ಕಟ್ಟಿಕೊಂಡು ಹೋಗುವ ಬದಲು ಅಂಟು, ಉತ್ತುತ್ತಿ, ಬೆಲ್ಲ ಒಯ್ದು ಅಲ್ಲೇ ಕಟ್ಟಿದೆ. ಹಸಿ ಕರಿಬೇವು, ವೀಳ್ಯದೆಲೆ, ನಿಂಬೆಹಣ್ಣು ಯಾವುದೂ ಬೇಡ. 2019ರ ಡಿಸೆಂಬರ್‌ನಿಂದ ಹಸಿ ಸೊಪ್ಪು, ತರಕಾರಿ, ಹಣ್ಣಿಗೆಲ್ಲ ಸಸ್ಯ ಆರೋಗ್ಯದ ಸರ್ಟಿಫಿಕೇಟ್ ಬೇಕು. ಬಾಳೆಹಣ್ಣು, ಅನಾನಸು, ತೆಂಗಿನಕಾಯಿ, ಖರ್ಜೂರ, ಡೂರಿಯನ್ ಈ ಐದಕ್ಕೆ ಮಾತ್ರ ವಿನಾಯಿತಿ. ಡೂರಿಯನ್ ಅಂದರೆ ನಮ್ಮ ಹಲಸಿನ ಥರ ಮುಳ್ಳಿನ ಹಣ್ಣಂತೆ. ಅದನ್ನು ಬಿಡುತ್ತಾರೆ, ನಾಲ್ಕು ಎಸಳು ಕರಿಬೇವು ಬಿಡುವುದಿಲ್ಲ.

ಗಸಗಸೆ ವಿಷಯ ತಮಾಷೆ ಅಲ್ಲ, ಇದನ್ನು ಸರಿಯಾಗಿ ಓದಿ. ದುಬೈ, ದೋಹಾ, ಸಿಂಗಪುರ ಈ ಕಡೆ ಗಸಗಸೆ ನಿಷಿದ್ಧ. ಅಫೀಮಿನ ಗಿಡದ ಬೀಜ ಅಂತ. ಪಾಯಸಕ್ಕೆ ಅಂತ ಇಟ್ಟುಕೊಂಡ ಒಂದು ಹಿಡಿಯೂ ಜೈಲಿನವರೆಗೆ ಒಯ್ಯಬಹುದು. ಸುಮ್ನೆ ವಿಮಾನ ಬದಲಾಯಿಸಲು ಇಳಿಯುವವರೂ ಹುಷಾರಾಗಿರಬೇಕು. ಅದೇ ಜರ್ಮನಿಯಲ್ಲಿ ಬೇಕರಿ ಬೇಕರಿಯಲ್ಲಿ ಗಸಗಸೆ ತುಂಬಿದ ಕೇಕು ಮಾರುತ್ತಾರೆ, ನೀಲಿ ಕಪ್ಪು ಬಣ್ಣದ ಗಸಗಸೆ. ನಾನು ಬೆಂಗಳೂರು–ಫ್ರಾಂಕ್‌ಫರ್ಟ್ ನೇರ ವಿಮಾನದಲ್ಲೇ ಹೋದೆ. ಹದಿನೈದು ಸಾವಿರ ಜಾಸ್ತಿ ಆಯಿತು. ಒಬ್ಬಳೇ ಮೊದಲ ಸಲ ಹೋಗುವವಳು ನಡುರಾತ್ರಿ ನಡುದಾರಿಯಲ್ಲಿ ಗೇಟು ಹುಡುಕುವುದು ಬೇಡ ಅಂತ. ದುಡ್ಡು ಉಳಿಸುವ ಜಾಗ ಅದಲ್ಲ ಅನ್ನುವುದು ನನ್ನ ಅಭಿಪ್ರಾಯ.

ದೊಡ್ಡ ಚೀಲಕ್ಕೆ 23 ಕೆಜಿ ಮಿತಿ. ಅಡಿಕೆ ಮೂಟೆ ತೂಗುವ ತಕ್ಕಡಿಗೆ ಚೀಲ ನೇತುಹಾಕಿದೆವು. 27 ಕೆಜಿ 400 ಗ್ರಾಂ. ಅಡಿಕೆಯಾಗಿದ್ದರೆ ಖುಷಿ ಪಡುತ್ತಿದ್ದೆವು. ತೆಗೆಯುತ್ತಾ ಹೋದೆ. ಅಕ್ಕಿ ಹಿಟ್ಟು ಹೋಯಿತು, ಅಲ್ಲೇ ಸಿಗುತ್ತದೆ. ತೊಗರಿಬೇಳೆ ಹೋಯಿತು. ಒಂದು ಕಬ್ಬಿಣದ ಕಾವಲಿ ಇಟ್ಟಿದ್ದೆ, ಅದೊಂದೇ ಎರಡು ಕೆಜಿ. ಅದನ್ನು ತೆಗೆಯುವಾಗ ನಿಜಕ್ಕೂ ಹೊಟ್ಟೆ ಉರಿಯಿತು. ಅಲ್ಲಿ ದೋಸೆ ಏಳದಿದ್ದಾಗಲೆಲ್ಲ ನೆನಪಾಗುತ್ತಿತ್ತು. ಕೊನೆಗೆ 22 ಕೆಜಿ 600ಕ್ಕೆ ನಿಂತಿತು. ಉಪ್ಪಿನಕಾಯಿ ಉಳಿಯಿತು, ಅದರ ಬಗ್ಗೆ ಚರ್ಚೆಯೇ ಇಲ್ಲ. ಬಾಟಲಿ ಬಾಯಿಗೆ ಪ್ಲಾಸ್ಟಿಕ್ ಹಾಳೆ, ಮೇಲೆ ಮುಚ್ಚಳ, ಅದರ ಸುತ್ತ ಟೇಪು, ಎರಡು ಕವರು, ನಡುವೆ ಹಳೆ ಟವೆಲ್. ಕೈಚೀಲದಲ್ಲಿ ಇಟ್ಟರೆ ಕಿತ್ತುಕೊಳ್ಳುತ್ತಾರೆ, ದೊಡ್ಡ ಚೀಲದಲ್ಲೇ ಇಡಬೇಕು. ಪವರ್ ಬ್ಯಾಂಕ್ ಇದಕ್ಕೆ ಉಲ್ಟಾ, ಕೈಚೀಲದಲ್ಲೇ ಇರಬೇಕು.

ಮಾತ್ರೆಗಳೂ ಕೈಚೀಲದಲ್ಲೇ. 90 ದಿನದ ಬಿಪಿ ಮಾತ್ರೆ, ಸ್ಟ್ರಿಪ್ ಬಿಚ್ಚದೆ, ಡಾಕ್ಟರ ಚೀಟಿ ಜೊತೆಗೆ. ಚೀಟಿಯಲ್ಲಿ ಕಂಪನಿ ಹೆಸರಲ್ಲ, ಔಷಧದ ಹೆಸರನ್ನು ಇಂಗ್ಲಿಷಿನಲ್ಲಿ ಬರೆಸಿಕೊಳ್ಳಿ. ಫೋನಿನ ನಂಬರಿಗೆ ಹೊರಡುವ ಮೊದಲೇ ರೋಮಿಂಗ್ ಹಾಕಿಸಿ, ಇಲ್ಲದಿದ್ದರೆ ಬ್ಯಾಂಕಿನ ಒಟಿಪಿ ಬರುವುದಿಲ್ಲ. ಪಿಎಫ್ ಪಿಂಚಣಿ ಬರುವವರು ಜೀವನ ಪ್ರಮಾಣ ಪತ್ರ ಯಾವ ತಿಂಗಳಲ್ಲಿ ಬೇಕಾದರೂ ಕೊಡಬಹುದು, ಒಂದು ವರ್ಷ ನಡೆಯುತ್ತದೆ. ನಾನು ಅಕ್ಟೋಬರ್‌ನಲ್ಲೇ ಕೊಟ್ಟು ಹೋದೆ. ದುಡ್ಡು 300 ಯೂರೋ ನೋಟಿನಲ್ಲಿ ಒಯ್ದೆ, ಎಲ್ಲ 20, 50ರದ್ದು.

ಚೀಲ ಕಟ್ಟುವುದರಲ್ಲಿ ಮುಳುಗಿದವರು ಕಾಲನ್ನು ಮರೆಯುತ್ತಾರೆ. ನಾನು ಹುಟ್ಟಿದಾಗಿನಿಂದ ಚಪ್ಪಲಿ. ಅಲ್ಲಿ ನವೆಂಬರ್‌ನಲ್ಲಿ ಐದಾರು ಡಿಗ್ರಿ, ಶೂ ಹಾಕಲೇಬೇಕು. ಸಾಗರ ಪೇಟೆಯಲ್ಲಿ ಶೂ ಕೊಳ್ಳಲು ಹೋಗುವಾಗ ಉಣ್ಣೆಯ ಕಾಲುಚೀಲ ಜೊತೆಗೆ ಒಯ್ದು, ಅದನ್ನು ಹಾಕಿಕೊಂಡೇ ಅಳತೆ ನೋಡಿದೆ. ಮನೆಗೆ ತಂದ ಮೇಲೆ ಗೊತ್ತಾಯಿತು, ಕಾಲುಂಗುರ ಒತ್ತುತ್ತದೆ. ಎರಡನೇ ಬೆರಳು ಕೆಂಪಾಯಿತು. ಒಂದು ವಾರ ಯೋಚಿಸಿ, ದಪ್ಪ ಕಾಲುಂಗುರ ತೆಗೆದು ತಂತಿಯಂಥ ತೆಳ್ಳನೆಯದು ಹಾಕಿಕೊಂಡೆ. ದಿನಾ ಸಂಜೆ ಅದೇ ಶೂ ಹಾಕಿ ತೋಟದ ದಾರಿಯಲ್ಲಿ ನಡೆದೆ. ನಾಯಿ ಮೊದಲ ದಿನ ನನ್ನನ್ನೇ ನೋಡಿ ಬೊಗಳಿತು. ಸೀರೆ ಬಿಡಲಿಲ್ಲ. ಒಳಗೆ ಥರ್ಮಲ್ ಪ್ಯಾಂಟು, ಮೇಲೆ ಲಂಗ, ಅದರ ಮೇಲೆ ಹತ್ತಿ ಸೀರೆ. ಹೊರಗಿನ ಚಳಿಗೆ ಇಡೀ ಮೈ ಮುಚ್ಚುವ ಕೋಟು ಮಗಳು ಕೊಟ್ಟಳು.

ಇನ್ನೊಂದು ಅಭ್ಯಾಸ ಎಸ್ಕಲೇಟರ್‌ನದು. ವೀಸಾಕ್ಕೆ ಬೆಂಗಳೂರಿಗೆ ಹೋದಾಗ ಅಣ್ಣನ ಮಗ ಮೆಜೆಸ್ಟಿಕ್ ಮೆಟ್ರೋ ನಿಲ್ದಾಣಕ್ಕೆ ಕರೆದುಕೊಂಡು ಹೋಗಿ ಆರು ಸಲ ಹತ್ತಿಸಿ ಇಳಿಸಿದ. ಬಲಗೈಯಲ್ಲಿ ಪಟ್ಟಿ, ಎಡಗೈಯಲ್ಲಿ ನೆರಿಗೆ. "ಅತ್ತೆ, ಮೆಟ್ಟಿಲು ನೋಡಬೇಡಿ, ಮುಂದೆ ನೋಡಿ" ಅಂತ ಅವನು. ಮೊದಲ ಎರಡು ಸಲ ಹಿಂದೆ ಜನ ನಿಂತು ಸಾಲಾಯಿತು. ನಾಚಿಕೆ ಆದರೂ ಫ್ರಾಂಕ್‌ಫರ್ಟಿನಲ್ಲಿ ನಾಚುವುದಕ್ಕಿಂತ ಮೆಜೆಸ್ಟಿಕ್ಕೇ ವಾಸಿ. ಗಾಲಿಕುರ್ಚಿ ಕೇಳು, ಅವರೇ ತಳ್ಳಿಕೊಂಡು ಹೋಗಿ ಬಿಡುತ್ತಾರೆ ಅಂತ ತುಂಬಾ ಜನ ಹೇಳಿದರು. ನಡೆಯಲು ಆಗದವರಿಗೆ ಇರುವುದು ಅದು. ದಾರಿ ಗೊತ್ತಿಲ್ಲ ಅನ್ನುವುದಕ್ಕೆ ಕಾಲಿಲ್ಲ ಅನ್ನುವ ಹಾಗೆ ಕೂರುವುದು ನನಗೆ ಸರಿ ಕಾಣಲಿಲ್ಲ.

ಅದರ ಬದಲು ನನ್ನ ಹತ್ತಿರ ಒಂದು ಹಾಳೆ ಇತ್ತು. ಎಡಗಡೆ ಕನ್ನಡ, ಬಲಗಡೆ ಇಂಗ್ಲಿಷ್ ಮತ್ತು ಜರ್ಮನ್, ಮಗಳು ಟೈಪ್ ಮಾಡಿ ಕಳಿಸಿದ್ದು. "ಮಗಳ ಹೆರಿಗೆಗೆ ಬಂದಿದ್ದೇನೆ. 87 ದಿನ ಇರುತ್ತೇನೆ. ವಾಪಸ್ ಟಿಕೆಟ್ ಇಲ್ಲಿದೆ." ಕೆಳಗೆ ಅವರ ಮನೆ ವಿಳಾಸ, ಇಬ್ಬರ ಫೋನ್ ನಂಬರು. ಫೋನ್ ಬ್ಯಾಟರಿ ಸಾಯುತ್ತದೆ, ಹಾಳೆ ಸಾಯುವುದಿಲ್ಲ. ಅದನ್ನೂ, ಜಾಮೀನು ಪತ್ರದ ನಕಲನ್ನೂ, ವಿಮೆಯ ಪತ್ರವನ್ನೂ ಒಂದು ಫೈಲಿನಲ್ಲಿ ಇಟ್ಟು ಎದೆಗೆ ಅವಚಿಕೊಂಡು ಹೋದೆ. ದೊಡ್ಡ ಚೀಲದಲ್ಲಿ ಇಟ್ಟರೆ ಚೀಲ ಸಿಗುವುದು ಪಾಸ್‌ಪೋರ್ಟ್ ತಪಾಸಣೆ ಆದ ಮೇಲೆ. ಆಗ ಕಾಗದ ಇದ್ದೂ ಇಲ್ಲದ ಹಾಗೆ.

ಫ್ರಾಂಕ್‌ಫರ್ಟಿನಲ್ಲಿ ಗಾಜಿನ ಗೂಡಿನೊಳಗೆ ಒಬ್ಬ ಎಳೆ ವಯಸ್ಸಿನ ಅಧಿಕಾರಿ. ಹಾಳೆ ಕೊಟ್ಟೆ. ಓದಿದ. ಟಿಕೆಟ್ ನೋಡಿದ. ಆಮೇಲೆ ಮುಂದಿದ್ದ ಸಣ್ಣ ಯಂತ್ರ ತೋರಿಸಿ ತನ್ನ ಕೈ ಎತ್ತಿ ಬೆರಳು ಆಡಿಸಿದ. ಬೆಂಗಳೂರಿನಲ್ಲಿ ಕೊಟ್ಟ ಗುರುತಿಗೂ ಇದಕ್ಕೂ ತಾಳೆ ನೋಡುತ್ತಾರೆ. ಬಲಗೈ ಇಟ್ಟೆ. ಅವನು ತಲೆ ಅಲ್ಲಾಡಿಸಿದ. ಸೆರಗಿನಲ್ಲಿ ಬೆರಳು ಒರೆಸಿಕೊಂಡೆ. ಆ ಹುಡುಗಿ ಹೇಳಿದ ಹಾಗೆ ಉಗುರಿನ ಹತ್ತಿರ, ಚಪ್ಪಟೆಯಾಗಿ, ಎಡಗೈಯಿಂದ ಬಲಗೈಯನ್ನು ನಾನೇ ಒತ್ತಿ ಹಿಡಿದೆ. ಅವನಿಗೆ ನಗು ಬಂತು. ಠಪ್ ಅಂತ ಮುದ್ರೆ ಬಿತ್ತು.

ಹೊರಗೆ ಅಳಿಯ ನಿಂತಿದ್ದರು. ಜಾಮೀನುದಾರರು.

ಮೊಮ್ಮಗಳು ಹುಟ್ಟಿದ್ದು ಹೇಳಿದ ದಿನಕ್ಕಿಂತ ನಾಲ್ಕು ದಿನ ತಡವಾಗಿ. ಅದೆಲ್ಲ ಇನ್ನೊಂದು ಸಲ ಬರೆಯುತ್ತೇನೆ. ಈಗ ಫೋಟೋ ನೋಡಿ ನೋಡಿ ನಮ್ಮನೆಯವರಿಗೂ ಹೋಗಬೇಕು ಅನ್ನಿಸಿದೆ. ಈ ಸಲ ಬೇಸಿಗೆಯಲ್ಲಿ, ಕೊಯ್ಲು ಇಲ್ಲದಾಗ. ನಿನ್ನೆ ರಾತ್ರಿ ಅವರ ಕಾಗದಗಳನ್ನು ಜಗಲಿಯ ಮೇಲೆ ಹರಡಿದೆವು. ಆಧಾರ್‌ನಲ್ಲಿ ಒಂದು ಹೆಸರು, ಪಹಣಿಯಲ್ಲಿ ಇನ್ನೊಂದು, ಮಗಳ ಪಾಸ್‌ಪೋರ್ಟಿನ ಕೊನೆಯ ಪುಟದಲ್ಲಿ ಮೂರನೆಯದು. ಅವರು ಸುಮ್ಮನೆ ಕೂತು ನೋಡಿದರು. ಆಮೇಲೆ, "ಮೇಲಿನ ಮನೆ ಅತ್ತಿಗೆ ಈ ಸಲವೂ ತುಪ್ಪ ಕೊಡ್ತಾರಾ?" ಅಂತ ಕೇಳಿದರು.